ಭೂತಗನ್ನಡಿ

ಹತ್ತೊಂಬತ್ತು ವರ್ಷದಿಂದ ಈ ಸ್ಮಶಾನದ ಹುಲ್ಲು ಕತ್ತರಿಸುತ್ತಿದ್ದೇನೆ.
ಯಾವ ಕಲ್ಲು ಹಿಂದಕ್ಕೆ ವಾಲಿದೆ, ಯಂತ್ರದ ಚಕ್ರ
ಯಾರ ಎದೆಯ ಮೇಲೆ ಕುಸಿಯುತ್ತದೆ, ಎಲ್ಲ ಕಾಲಿಗೇ ಗೊತ್ತು.
ಆಗಸ್ಟಿನ ಕೊನೆಯ ಮಂಗಳವಾರ. ಮೆಲ್ಬರ್ನಿನಿಂದ
ಪಶ್ಚಿಮಕ್ಕೆ ಮೂರು ಗಂಟೆ ದೂರದ ಈ ಬಯಲಲ್ಲಿ
ಗಾಳಿಗೆ ಇನ್ನೂ ಹಲ್ಲಿತ್ತು.
ಐಲ್ಸಾ ಪೆಂಗೆಲಿ ನನ್ನ ಯಂತ್ರದ ಮುಂದೆ
ಬೋರಲು ಮಲಗಿದ್ದಳು.

ಬಿದ್ದಳೇನೋ ಎಂದು ಓಡಿದೆ.
"ಅಲ್ಲೇ ನಿಲ್ಲು. ನಿನ್ನ ಬೂಟಿನ ಪಕ್ಕ ಒಂದಿದೆ."
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು;
ಅವಳು ನಿಲ್ಲು ಎಂದರೆ ನಿಲ್ಲದವರು ಈ ಊರಲ್ಲಿಲ್ಲ.

ನನಗೆ ಕಂಡದ್ದು ಹಕ್ಕಿಯ ಹಿಕ್ಕೆ.
ಭೂತಗನ್ನಡಿ ಕೈಗಿತ್ತಳು. ಮೊಣಕಾಲೂರಿದೆ,
ಹೆಂಡತಿಯ ಮಣ್ಣಿಗೂ ಹೀಗೆ ಊರಿರಲಿಲ್ಲ.
ಎಸಳು ಆರು, ಬಿಳಿ. ಪ್ರತಿ ಎಸಳಿನ ನಡುವೆ
ಒಗೆದರೂ ಹೋಗದ ವೈನಿನ ಕಲೆಯಂಥ ಗೆರೆ;
ಆರೂ ಸೇರಿದರೆ ಉಂಗುರ.
"ಕಾಡು ಈರುಳ್ಳಿ ತಾನೇ?"
"ಮೂಸು."
ನಾರಲಿಲ್ಲ. ಏನೋ ಸಿಹಿ, ಬಂತು ಎನ್ನುವಷ್ಟರಲ್ಲಿ ಹೋಯಿತು.
"ಎಲೆ ಎಣಿಸು." ಮೂರು.
ಮೂರೂ ಹುಲ್ಲಿನ ವೇಷ ಹಾಕಿ ನಿಂತಿದ್ದವು.

ಅರ್ಲಿ ನ್ಯಾನ್ಸಿ ಅಂತೆ ಇದರ ಹೆಸರು.
ನೂರಾ ಹನ್ನೆರಡು ಕಲ್ಲುಗಳ ಅಂಚು ಸವರುವವನು ನಾನು:
ಹೆಪ್ಸಿಬಾ ಇದ್ದಾಳೆ, ಥಿಯೊಡೋರಾ ಇದ್ದಾಳೆ,
ಹೆಸರಿಡುವ ಮೊದಲೇ ಹೋದ ಡೋಲನ್ ಮಗು ಇದೆ.
ನ್ಯಾನ್ಸಿ ಮಾತ್ರ ಇಲ್ಲ.
ಐಲ್ಸಾ ಹೇಳಿದಳು: ನಮಗಿಂತ ಎಷ್ಟೋ ಮೊದಲು
ಇದರ ಗೆಡ್ಡೆ ಅಗೆದು ತಿಂದವರು ಬೇರೆ ಹೆಸರಿಟ್ಟಿದ್ದರು.
ಅದನ್ನು ಕೇಳಿ ಬರೆದಿಡುವ ತಾಳ್ಮೆ
ಈ ಕಲ್ಲುಗಳ ಕೆಳಗಿರುವ ಯಾರಿಗೂ ಇರಲಿಲ್ಲ.

ಆಮೇಲೆ ಶುರುವಾಯಿತು ಅವಳ ಚಿಂತೆ.
ಕ್ಯಾಥೊಲಿಕ್ ಭಾಗದಲ್ಲಿ ಮೂವತ್ತೇಳು ಹೂ, ಅಷ್ಟೂ ಗಂಡು:
ಕಡುಗೆಂಪು ಕೇಸರಗಳು, ನಡುವೆ ಬರಿದು.
ಇದರಲ್ಲಿ ಹೆಣ್ಣು ಬೇರೆ ಗಿಡವಂತೆ.
ಥರ್ಮಾಸಿನ ಚಹಾ ಆರಿತು. ಕಾಂಗರೂ ಹುಲ್ಲಿನ ಬುಡ ಬಗೆಬಗೆದು
ನನ್ನ ಅಂಗೈ ಸೀಳಿತು. ಕಡೆಗೆ ಕಂಡದ್ದು
ತುಕ್ಕು ಹಿಡಿದ ಬೇಲಿಯಾಚೆ, ಮೆಥಡಿಸ್ಟರ ನಡುವೆ,
ನೂರು ವರ್ಷ ಈಚಿನವರ ಜೊತೆ ಮಾತಾಡದವರ ನಡುವೆ,
ಒಂಟಿ ಹೂ, ಹೊಟ್ಟೆ ಉಬ್ಬಿಸಿಕೊಂಡು.
ಐಲ್ಸಾ ನಕ್ಕ ನಗೆಗೆ ಮ್ಯಾಗ್‌ಪೈಗಳು ಹಾರಿದವು.
"ನೊಣಕ್ಕೆ ಬೇಲಿ ಗೊತ್ತಿಲ್ಲ ನೋಡು."

ಕೌನ್ಸಿಲಿನಿಂದ ಪತ್ರ ಬಂದಿದೆ:
ಸತ್ತವರಿಗೆ ಅಚ್ಚುಕಟ್ಟು ಬೇಕು, ಹುಲ್ಲು ಮಂಡಿಗೆ ಬಂದಿದೆ.
ಉತ್ತರ ಬರೆಯಲು ಕೂತೆ, ಎರಡು ಸಾಲು ಬರೆದೆ,
ಹಿಂಬದಿಯಲ್ಲಿ ಆರು ಎಸಳು ಗೀಚಿದೆ, ಕಳಿಸಲಿಲ್ಲ.

ಈಗ ಡಿಸೆಂಬರ್. ಹೂವಿಲ್ಲ, ಐಲ್ಸಾ ಮಗಳ ಮನೆಯಲ್ಲಿ.
ಬಯಲೆಲ್ಲ ಒಂದೇ ಒಣ ಬಣ್ಣ.
ಯಂತ್ರ ನಿಲ್ಲಿಸಿ ಇಳಿಯುತ್ತೇನೆ,
ಭೂತಗನ್ನಡಿ ಅವಳ ಹತ್ತಿರವೇ ಉಳಿದಿದೆ,
ಬರಿಗಣ್ಣಲ್ಲಿ ಹುಡುಕುತ್ತೇನೆ:
ಇಲ್ಲೇ ಇತ್ತು. ಇಲ್ಲ, ಇನ್ನೊಂದು ಹೆಜ್ಜೆ ಆಚೆ.