ಲೆಕ್ಕಕ್ಕುಂಟು

ಮೊದಲು ಕಡತ. ಇನ್ನೂರ ಹನ್ನೊಂದು ಪುಟ,
ದಾರದ ಗಂಟು ಬಿಚ್ಚಲು ಹಲ್ಲೇ ಬೇಕಾಯಿತು.
ಕೇಂದ್ರದ ಪಾಲು, ರಾಜ್ಯದ ಪಾಲು, ಮಂಡಳಿಯ ಪಾಲು,
ಎರಡು ಕಂತು ಬಿಡುಗಡೆ, ಮೂರನೆಯದು ಬಾಕಿ.
ಬಳಕೆ ಪ್ರಮಾಣಪತ್ರಕ್ಕೆ ಮಾರ್ಚ್ ಮೂವತ್ತೊಂದರ ಸಹಿ.
ಈ ದೇಶದಲ್ಲಿ ಎಷ್ಟೊಂದು ಕೆಲಸ
ಆ ಒಂದೇ ಸಂಜೆ ಮುಗಿದುಬಿಡುತ್ತದೆ!

ಆಮೇಲೆ ಜೀಪು. ಮೈಸೂರು ರಸ್ತೆ, ಕೆಂಗೇರಿಯ ಆಚೆ.
ವೃಷಭಾವತಿ ಕಣ್ಣಿಗೆ ಬೀಳುವ ಮುಂಚೆ
ಮೂಗಿಗೆ ಸಿಕ್ಕಳು. ಡ್ರೈವರ್ ಗಾಜು ಏರಿಸಿದ.
ಬಸವನ ಪಾದದಲ್ಲಿ ಹುಟ್ಟಿದವಳಂತೆ ಒಂದು ಕಾಲಕ್ಕೆ.
ಈಗ ನಮ್ಮ ನಮ್ಮ ಬಚ್ಚಲಲ್ಲಿ ಹುಟ್ಟುತ್ತಾಳೆ,
ಬೆಳಿಗ್ಗೆ ಆರೂಕಾಲಿಗೆ ನನ್ನದರಲ್ಲೂ.

ಸ್ಥಾವರದ ಗೇಟಿಗೆ ನಿನ್ನೆ ಬಳಿದ ನೀಲಿ.
ಕೈಯಿಟ್ಟೆ, ಅಂಟಿತು.
ಎಂಜಿನಿಯರ್ ಪಾಲನೇತ್ರಯ್ಯ ಎಳನೀರು ತರಿಸಿದ್ದರು,
ಒಳ್ಳೆಯವರು, ನಿವೃತ್ತಿಗೆ ಎಂಟು ತಿಂಗಳು,
ಸೀಮೆಎಣ್ಣೆ ಚಿಂದಿಯಿಂದ ನನ್ನ ಬೆರಳು ತಾವೇ ಒರೆಸಿದರು.

ಅಳತೆ ಪುಸ್ತಕದಲ್ಲಿ ಬ್ಲೋವರ್ ಐದು.
ನಾನು ಎಣಿಸಿದ್ದು ಮೂರು.
ನಾಲ್ಕನೆಯದಕ್ಕೆ ಕಟ್ಟೆಯಿತ್ತು, ಎಂಟು ಬೋಲ್ಟು
ಆಕಾಶ ನೋಡುತ್ತಿದ್ದವು, ನಡುವೆ ಯಾರದೋ ಟಿಫನ್ ಡಬ್ಬಿ.
ಐದನೆಯದು?
"ರಿಪೇರಿಗೆ ಹೋಗಿದೆ ಮೇಡಂ."
ಯಾವಾಗ?
ಅವರು ಎಳನೀರಿನ ಬುರುಡೆಯೊಳಗೆ ಇಣುಕಿದರು.

ದಿನವಹಿಯಲ್ಲಿ ಹರಿವು ಹದಿನಾಲ್ಕು ಪಾಯಿಂಟ್ ಆರು.
ನಾಳೆಯೂ ಅಷ್ಟೇ. ದೀಪಾವಳಿಯಂದೂ ಅಷ್ಟೇ.
ಕರೆಂಟು ಹೋದ ಮೂರು ದಿನವೂ,
ಮಳೆಗೆ ಅರ್ಧ ಊರು ಮುಳುಗಿ
ದೋಣಿಯಲ್ಲಿ ಜನ ಆಫೀಸಿಗೆ ಹೋದ ರಾತ್ರಿಯೂ
ಹದಿನಾಲ್ಕು ಪಾಯಿಂಟ್ ಆರು.
ಒಂದೇ ಪೆನ್ನು, ಒಂದೇ ಓರೆ,
ಒಂದೇ ಮಧ್ಯಾಹ್ನದ ಆಕಳಿಕೆ.

ಎಲ್ಲರೂ ಊಟಕ್ಕೆ ಹೋದಾಗ ಅಂತೋಣಪ್ಪ ಉಳಿದ.
ಆಪರೇಟರ್. ಗುತ್ತಿಗೆ. ಸಂಬಳ ಎರಡು ತಿಂಗಳಿಂದಿಲ್ಲ.
ಆ ಡಬ್ಬಿ ಅವನದೇ.
"ಇದು ಓಡೋದು ಯಾವಾಗ?" ಕೇಳಿದೆ.
"ಓಡಿದ್ರೆ ಏನೂ ಕೇಳ್ಸಲ್ಲ ಮೇಡಂ. ಕಿವಿ ಮುಚ್ಕೊಳ್ತದೆ.
ಮನೆಯೋಳು ಫೋನ್ ಮಾಡ್ತಾಳೆ, ನಾನು ಎತ್ತಲ್ಲ,
ಸಂಜೆ ಹೋದ್ರೆ ಜಗಳ. ಅನ್ನ ಇಕ್ಕಲ್ಲ.
ಕ್ಯಾಲೆಂಡರ್‌ನಾಗೆ ಗೀಟು ಹಾಕಿ ಇಟ್ಟವ್ಳೆ."
ಎಷ್ಟು ಗೀಟು, ಈ ವರ್ಷ?
ಬೆರಳು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.
"ಹದಿನೇಳು."

ಮಿಕ್ಕ ದಿನವೆಲ್ಲ ಸುಖ ಸಂಸಾರ.
ನದಿಗೆ ಮಾತ್ರ ಅನ್ನವಿಲ್ಲ.

ಇಪ್ಪತ್ತಾರು ವರ್ಷ ಲೆಕ್ಕ ನೋಡಿದ್ದೇನೆ,
ಇಷ್ಟು ನಿಖರವಾದ ರಿಜಿಸ್ಟರು ಕಂಡಿಲ್ಲ.
ಆದರೆ ಅಡಿಟಿಪ್ಪಣಿಯಲ್ಲಿ ಏನೆಂದು ಬರೆಯಲಿ?
ಮೂಲ: ಅಂತೋಣಪ್ಪನ ಹೆಂಡತಿಯ ಸಿಟ್ಟು?
ಕರೆಂಟು ಬಿಲ್ಲು ತರಿಸಿದೆ. ತಾಳೆ ನೋಡಿದೆ.
ಆಯಮ್ಮ ಒಂದು ದಿನವೂ ತಪ್ಪಿರಲಿಲ್ಲ.

ಕರಡಿನಲ್ಲಿ "ಸುಳ್ಳು" ಎಂದು ಬರೆದಿದ್ದೆ.
ಮೇಲಿನವರು ಹೊಡೆದು ಹಾಕಿ
"ತಾಳೆಯಾಗುತ್ತಿಲ್ಲ" ಎಂದು ತಿದ್ದಿದರು.
ಅದೂ ಸರಿಯೇ. ನಮ್ಮ ಭಾಷೆಗೆ ಧ್ವನಿ ಏರಬಾರದು.
ಮಂಡಳಿಯಿಂದ ಉತ್ತರ ಬಂತು:
ಪರಿಶೀಲಿಸಲಾಗುತ್ತಿದೆ.
ಮೂರನೇ ಕಂತು ತಡೆಹಿಡಿದರು, ಅಷ್ಟು ನಿಜ.
ತಡೆದ ದುಡ್ಡಿನಲ್ಲಿ ಅವನ ಸಂಬಳವೂ ಇತ್ತು.
ಅದನ್ನು ಯಾವ ಕಾಲಮ್ಮಿಗೆ ಹಾಕುತ್ತಾರೋ ನನಗೆ ಗೊತ್ತಿಲ್ಲ.

ಜೂನಿನಲ್ಲೊಂದು ಮಧ್ಯಾಹ್ನ ಸುಮ್ಮನೆ
ಅವನ ನಂಬರಿಗೆ ಫೋನು ಮಾಡಿದೆ.
ರಿಂಗಾಯಿತು. ಎತ್ತಲಿಲ್ಲ.
ಇನ್ನೊಮ್ಮೆ. ಎತ್ತಲಿಲ್ಲ.
ಓಡುತ್ತಿದೆಯೇನೋ ಅಂದುಕೊಂಡೆ, ಮೂರೂ ಒಟ್ಟಿಗೆ,
ನೊರೆ ಕಕ್ಕುತ್ತ, ಗಾಳಿ ಕುಡಿಸುತ್ತ, ಕಿವಿ ಮುಚ್ಚಿಸುತ್ತ.
ಅಥವಾ ತೆಗೆದುಹಾಕಿರಬಹುದು ಅವನನ್ನು.

ಮೂರನೆಯ ಸಲ ಮಾಡಿ
ಪೂರ್ತಿ ರಿಂಗು ಕೇಳುತ್ತ ಕೂತೆ.