ಸದ್ದಿನವಳ ಲೆಕ್ಕದ ಪುಸ್ತಕ

ಕುದುರೆ ಬೇಕೆ? ಎರಡು ತೆಂಗಿನ ಚಿಪ್ಪು.
ಮಳೆಗೆ ಜರಡಿ, ಒಂದು ಹಿಡಿ ಒಣ ಬಟಾಣಿ.
ಹಿಮದ ಮೇಲೆ ನಡೆವ ಜನರಲ್ ಸಾಹೇಬನಿಗೆ
ಚೀಲದ ತುಂಬ ಜೋಳದ ಹಿಟ್ಟು, ಅದುಮಲು ನನ್ನ ಹೆಬ್ಬೆರಳು.
ಸಮುದ್ರದಾಚೆ ಮರಳಲ್ಲಿ ಕೂತ ಹುಡುಗರ
ಕಿವಿಯ ಮೇಲೆ ಹೂವಿಡುವುದು
ನನ್ನ ಸರಕಾರಿ ಕೆಲಸ. ವಾರಕ್ಕೆ ಮೂರು ಪೌಂಡು, ಚಹಾ ಬೇರೆ.

ಲಂಡನ್ನಿನಿಂದ ನಮ್ಮನ್ನು ವೇಲ್ಸಿನ ಈ ಊರಿಗೆ ಸಾಗಹಾಕಿದ್ದರು.
ಇಗರ್ಜಿಯ ನೆಲಮಾಳಿಗೆ, ಗೋಡೆಗೆ ಸೈನ್ಯದ ಕಂಬಳಿ.
ಚಿಪ್ಪುಗಳಿಗೆ ಬೀರು, ಬೀರುವಿಗೆ ಬೀಗ:
ಯುದ್ಧ ಮುಗಿವ ತನಕ ಇನ್ನೊಂದು ತೆಂಗಿನಕಾಯಿ ಬರುವ ಮಾತಿಲ್ಲ.
ಬಟಾಣಿಯನ್ನು ಶುಕ್ರವಾರ ಎಣಿಸಿ ಸಹಿ ಹಾಕಬೇಕು.
ಏಳು ಕಾಳು ಕಡಿಮೆ ಬಿದ್ದಾಗ
ಇಲಿಯ ಹೆಸರು ಹೇಳಿದೆ.

ನಗಿಸುವವನು ಡಡ್ಲಿ ಪ್ಲಂಕೆಟ್.
ದೀಪ ಕೆಂಪಾಗುವ ಐದು ನಿಮಿಷ ಮೊದಲು
ತಪ್ಪದೆ ಬಕೆಟ್ಟಿಗೆ ವಾಂತಿ.
ಅದೇ ಬಕೆಟ್ಟು ತೊಳೆದು, ನೀರು ತುಂಬಿ
ನಾನು ಅಟ್ಲಾಂಟಿಕ್ ಮಾಡುತ್ತಿದ್ದೆ.

ನವೆಂಬರಿನ ಆ ಗುರುವಾರ
ಸಿಪಾಯಿಯ ಕಾಲ ಮೇಲೆ ಅಡುಗೆಭಟ್ಟ ಕಡುಬು ಬೀಳಿಸಬೇಕಿತ್ತು.
ಮರದ ಸುತ್ತಿಗೆ ಎತ್ತಿ ನಿಂತಿದ್ದೇನೆ,
ಬಿತ್ತು.
ನನ್ನದಲ್ಲ.
ಚಾವಣಿಯ ಗಾರೆ ಡಡ್ಲಿಯ ಕಾಗದದ ಮೇಲೆ,
ನೋಡಲು ಬಂದ ದಾದಿಯರೆಲ್ಲ ಬೆಂಚಿನ ಕೆಳಗೆ.
ಅವನು ಅರ್ಧ ಉಸಿರು ನಿಂತ, ಅಷ್ಟೆ.
‘ನಿಧಾನ ಕಣಯ್ಯ ಭಟ್ಟ! ಇನ್ನೂ ಹನ್ನೊಂದು ಕಡುಬಿವೆ!’
ನಗಬೇಕಾದವರು ಯಾರೂ ಎದ್ದಿರಲಿಲ್ಲ.
ಬಾಯಿ ತುಂಬ ಸುಣ್ಣ, ಮೈಕಿನ ಮುಂದೆ
ನಾನೇ ನಕ್ಕೆ, ಇಪ್ಪತ್ತು ಜನರ ಹಾಗೆ.

ತಿಂಗಳೆರಡು ಕಳೆದು ಮರಳಿನಿಂದ ಪತ್ರ ಬಂತು:
‘ಕಡುಬಿನ ಸದ್ದು ಭೇಷ್! ಎಲ್ಲರೂ ಒಮ್ಮೆ ನೆಲಕ್ಕೆ ಬಿದ್ದೆವು,
ಆಮೇಲೆ ಬಿದ್ದು ಬಿದ್ದು ನಕ್ಕೆವು.
ಹೇಗೆ ಮಾಡಿದಿರಿ? ಇನ್ನೊಮ್ಮೆ ಕೇಳಿಸಿ.’

ಮೇಲಿನವರು ಕೇಳಿದರು, ಆಗುತ್ತದೆಯೆ, ಮಿಸ್ ಟ್ವಿಗ್?
ನಗಾರಿ ಬಾರಿಸಿದೆ. ಆಲೂಗಡ್ಡೆ ಮೂಟೆಯನ್ನು ಮೆಟ್ಟಿಲಿಂದ ಉರುಳಿಸಿದೆ.
ಡಡ್ಲಿ ತಲೆ ಅಲ್ಲಾಡಿಸುತ್ತಲೇ ಇದ್ದ.
ಕೊನೆಗೆ ಎದುರು ಬೀದಿಗೆ ಹೋದೆ,
ಪ್ರೋಬರ್ಟನ ಬೇಕರಿ ಇದ್ದಲ್ಲಿಗೆ.
ಇಟ್ಟಿಗೆಯಡಿ ರೊಟ್ಟಿ ಬೇಯಿಸುವ ತಟ್ಟೆಯೊಂದು ಸಿಕ್ಕಿತು.
ಸೌಟಿನಿಂದ ಬಡಿದೆ:
ಟಪ್.
ಸಾಕು, ಎಂದ ಡಡ್ಲಿ. ಇಷ್ಟೇ ಸಾಕು.

ಈ ಸಲ ಮರಳಲ್ಲಿ ಯಾರೂ ನೆಲಕ್ಕೆ ಬೀಳಲಿಲ್ಲವಂತೆ.
ಪುಸ್ತಕದಲ್ಲಿ ಬರೆದುಕೊಂಡೆ,
ತಗಡಿನ ತಟ್ಟೆ, ಒಂದು, ನಗ್ಗಿದ್ದು.
ಎಲ್ಲಿಂದ ಬಂತು ಎಂಬ ಕಾಲಂ
ಖಾಲಿ ಬಿಟ್ಟೆ.