ನಿಂಬೆ

ಕಾಲ್ಯಾರಿಯ ಮೀನುಪೇಟೆಯಲ್ಲಿ ಯಾರೋ ನಿಂಬೆ ಕೊಯ್ದರು.
ಬಾಕೀಸಿಯೊನ ಎಡತೋಳು ತಾನೇ ಮಡಚಿಕೊಂಡಿತು.
ಏಳು ವರ್ಷ. ಚಮಚ ಇಲ್ಲ, ಸೂಜಿ ಇಲ್ಲ;
ಪುಡಿ ಕರಗಿಸುತ್ತಿದ್ದ ಆ ಹುಳಿ ಮಾತ್ರ
ಬಾಡಿಗೆ ಕೊಡದೆ ಇನ್ನೂ ತಲೆಯೊಳಗೆ ಕೂತಿದೆ.

ನಾನು ಅವನ ತಂಗಿ, ಲ್ಯಾಬಿನಲ್ಲಿ ಇಲಿ ನೋಡಿಕೊಳ್ಳುವವಳು.
ಪಟ್ಟೆಗೋಡೆಯ ಕೋಣೆಯಲ್ಲಿ ಒಮ್ಮೆ ಸುಖ ಕಂಡ ಇಲಿ
ಮತ್ತೆ ಅಲ್ಲೇ ಹೋಗಿ ಕೂರುತ್ತದೆ.
ದಿನಾ ಕೂರಿಸುತ್ತೇವೆ. ಏನೂ ಕೊಡುವುದಿಲ್ಲ.
ಮರೆಯುವುದನ್ನೂ ಕಲಿಯಬೇಕು ಅನ್ನುತ್ತಾರೆ ಡಾಕ್ಟರ್ ಪಿಬಿರಿ,
ಕೈಗವಸು ಕಳಚುತ್ತ.

ಮಿದುಳು ತನ್ನದೇ ಗಾಂಜಾ ಅರೆಯುತ್ತದಂತೆ,
ಚಿಟಿಕೆಯಷ್ಟು, ಬೇಕಾದಾಗ ಮಾತ್ರ.
ಅದು ಪ್ರವಾಹಕ್ಕೆ ಎದುರಾಗಿ ಈಜಿ,
ಕೇಳಿಸಿಕೊಂಡ ಕೋಶದಿಂದ ಕೂಗಿದ ಕೋಶಕ್ಕೆ ಹೋಗಿ,
'ಸಾಕು ಮಾರಾಯ, ಮೆಲ್ಲಗೆ' ಅನ್ನುತ್ತದಂತೆ.
ಅದು ಬಡಿಯುವ ಬಾಗಿಲಿಗೆ ನಾವು ಬೀಗ ಜಡಿದ ಇಲಿಗಳು
ಕೊನೆತನಕ ಪಟ್ಟೆಕೋಣೆ ಬಿಡಲಿಲ್ಲ.
ಆ ಬೀಗದ ಸೂಜಿ ಚುಚ್ಚಿದ್ದು ನಾನೇ.

ಅಣ್ಣನಿಗೆ ಇದ್ಯಾವುದನ್ನೂ ಹೇಳಲಿಲ್ಲ.
ಒಂದು ಕಿಲೋ ನಿಂಬೆ ಕೊಂಡೆ. ಮೀನು ಹುರಿದೆ.
ಅವನ ಮುಂದೆಯೇ ಕೊಯ್ದಿಟ್ಟೆ.
ಎದ್ದು ಹೋಗಿ ಕಿಟಕಿ ತೆರೆದ, ಬಹಳ ಹೊತ್ತು ನಿಂತ,
ತಿರುಗಿ ಬಂದು ಉಪ್ಪು ಕೇಳಿದ.

ನಾಳೆಯೂ ಕೊಯ್ಯುತ್ತೇನೆ.